ಗಾಳಿಯಲ್ಲೊಂದು ಕಾಲುವೆ: ನಿಸ್ತಂತು ಜಾಲದಲ್ಲಿ ಸರದಿ ಮತ್ತು ದಟ್ಟಣೆ

(ಬಳ್ಳಾರಿಯ ಗಾಂಧಿನಗರದಲ್ಲಿ ಗುಡ್ಡಗಾಡು ಗ್ರಾಮಗಳ ನಿವಾಸಿಗಳು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೆರೆ, ಗೋಮಾಳ, ಕಾಲುವೆಯ ನೀರು ಇವೆಲ್ಲ ಊರಿನವರು ಹಂಚಿಕೊಂಡು ಬಳಸುವ ಸಂಪತ್ತುಗಳೆಂಬುದನ್ನು ನಿಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇಂದು ನಾನು ಮಾತನಾಡಲಿರುವುದು ಇದೇ ವರ್ಗಕ್ಕೆ ಸೇರಿದ, ಆದರೆ ಕಣ್ಣಿಗೆ ಕಾಣದ ಇನ್ನೊಂದು ಸಂಪತ್ತಿನ ಬಗ್ಗೆ. ಮೊಬೈಲ್ ಫೋನು, ವೈಫೈ ಪೆಟ್ಟಿಗೆ ಮೊದಲಾದ ನಿಸ್ತಂತು ಸಾಧನಗಳು ಮಾಹಿತಿಯನ್ನು ಸಾಗಿಸಲು ಬಳಸುವ ರೇಡಿಯೋ ಅಲೆಗಳ ದಾರಿಯೇ ಆ ಸಂಪತ್ತು. ತಂತಿಯಾದರೆ ಮನೆಮನೆಗೂ ಬೇರೆ ಬೇರೆ ಎಳೆಯಬಹುದು. ಗಾಳಿಯನ್ನು ಹಾಗೆ ಮನೆಗೊಂದರಂತೆ ಕತ್ತರಿಸಿ ಕೊಡಲಾಗದು. ಒಂದು ಬೀದಿಯ, ಒಂದು ಊರಿನ ಎಲ್ಲ ಸಾಧನಗಳೂ ಅದೇ ದಾರಿಯಲ್ಲಿ ಒಂದಾದ ಮೇಲೊಂದರಂತೆ ಸಾಗಬೇಕು.

ನಿಮ್ಮಲ್ಲಿ ಹಲವರಿಗೆ ಈ ಅನುಭವವಾಗಿರಬಹುದು. ಫೋನಿನ ಮೂಲೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳು ಪೂರ್ತಿ ಇರುತ್ತವೆ. ಆದರೂ ಪುಟ ತೆರೆದುಕೊಳ್ಳುವುದಿಲ್ಲ, ಹಣ ಕಳುಹಿಸಲು ಹೋದರೆ ಚಕ್ರ ಸುತ್ತುತ್ತಲೇ ಇರುತ್ತದೆ. ನಮ್ಮ ಬಳ್ಳಾರಿಯ ಕನಕ ದುರ್ಗಮ್ಮನ ಸಿಡಿಬಂಡಿ ಉತ್ಸವದಂತೆ ಅಪಾರ ಜನ ಒಂದೆಡೆ ಸೇರಿದಾಗ ಹೀಗಾಗುವುದುಂಟು. ಕಡ್ಡಿಗಳು ತಿಳಿಸುವುದು ಟವರಿನ ಧ್ವನಿ ನಿಮಗೆ ಎಷ್ಟು ಗಟ್ಟಿಯಾಗಿ ಕೇಳಿಸುತ್ತಿದೆ ಎಂಬುದನ್ನು ಮಾತ್ರ. ನೀವು ಮಾತನಾಡುವ ಸರದಿ ಯಾವಾಗ ಬರುತ್ತದೆ ಎಂಬುದನ್ನು ಅವು ತಿಳಿಸುವುದಿಲ್ಲ. ಸರದಿಗಾಗಿ ಕಾಯುವ ಈ ಅವಧಿಯನ್ನು ತಂತ್ರಜ್ಞರು ಪ್ರವೇಶ ವಿಳಂಬ ಎನ್ನುತ್ತಾರೆ. ಕಾಯುವವರು ಹೆಚ್ಚಿ, ಸಾಗಬೇಕಾದ ಮಾಹಿತಿ ದಾರಿಯ ಸಾಮರ್ಥ್ಯವನ್ನು ಮೀರಿದಾಗ ಉಂಟಾಗುವುದು ದಟ್ಟಣೆ.

2021ರಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆನಾಡು ಹಳ್ಳಿಗಳ ಜನ 'ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವಿಲ್ಲ' ಎಂದು ಚಳವಳಿ ಹೂಡಿದ್ದನ್ನು ನೀವು ಕೇಳಿರಬಹುದು. ಆ ಬೇಡಿಕೆ ನ್ಯಾಯವಾದದ್ದು. ಸಿಗ್ನಲ್ಲೇ ಇಲ್ಲದ ಊರಿನಲ್ಲಿ ಹಂಚಿಕೆಯ ಮಾತು ವ್ಯರ್ಥ. ಆದರೆ ಸಿಗ್ನಲ್ ಬಂದ ಮೇಲೂ ಜಾಲ ನಿಧಾನವೆಂಬ ದೂರು ಬಂದಾಗ ನಾವು ಕೇಳುವುದು ಇನ್ನೊಂದು ಟವರು, ಇನ್ನೂ ಹೆಚ್ಚಿನ ವೇಗ. ಇರುವ ಸಾಮರ್ಥ್ಯ ಯಾವ ನಿಯಮದ ಪ್ರಕಾರ ಹಂಚಿಕೆಯಾಗುತ್ತಿದೆ, ಆ ನಿಯಮದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಕೇಳುವವರು ವಿರಳ. ಗುಡ್ಡದ ಅಂಚಿನಲ್ಲಿ ವಾಸಿಸುವವರಿಗೆ ಈ ಪ್ರಶ್ನೆ ಅತಿ ಮುಖ್ಯವಾದುದೆಂಬುದು ನನ್ನ ಅಭಿಪ್ರಾಯ.

ಕುರುಗೋಡು, ಸಿರುಗುಪ್ಪ ಕಡೆಯಿಂದ ಬಂದಿರುವ ರೈತ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೂ ಕೊನೆಯ ಭಾಗದ ಹೊಲಕ್ಕೆ ಅದು ತಲುಪುವುದೆಂಬ ಭರವಸೆಯಿಲ್ಲ. ಮೇಲಿನವರು ತೂಬು ತೆರೆದುಕೊಂಡೇ ಇಟ್ಟರೆ ಕೆಳಗಿನವರು ಒಣಗಬೇಕಾಗುತ್ತದೆ. ಆದ್ದರಿಂದಲೇ ಇಂತಿಷ್ಟು ದಿನ ಇವರಿಗೆ, ಇಂತಿಷ್ಟು ದಿನ ಅವರಿಗೆ ಎಂಬ 'ಆನ್ ಅಂಡ್ ಆಫ್' ಪದ್ಧತಿ ಬಂದಿತು, ನೀರುಗಂಟಿಗಳು ಬಂದರು. ನಿಸ್ತಂತು ಜಾಲದ ಸಮಸ್ಯೆಯೂ ಬಹುಪಾಲು ಇದೇ. ಒಂದು ವ್ಯತ್ಯಾಸವಿದೆ. ಇಂದು ಬಳಸದ ನೀರನ್ನು ಜಲಾಶಯದಲ್ಲಿ ನಿಲ್ಲಿಸಿ ನಾಳೆ ಬಳಸಬಹುದು. ಗಾಳಿಯಲ್ಲಿ ಬಳಸದೆ ಬಿಟ್ಟ ಒಂದು ಕ್ಷಣ ಮತ್ತೆಂದೂ ಸಿಗುವುದಿಲ್ಲ. ಇಲ್ಲಿ ಹಂಚಿಕೊಳ್ಳಬೇಕಾದುದು ಕಾಲವನ್ನೇ.

ಇದರ ಇತಿಹಾಸ ಆರಂಭವಾಗುವುದು ಕೂಡ ಗುಡ್ಡಗಳಿಂದಲೇ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳು ಜ್ವಾಲಾಮುಖಿ ಪರ್ವತಗಳಿಂದಾದವು. ಬೇರೆ ಬೇರೆ ದ್ವೀಪಗಳಲ್ಲಿ ಹರಡಿಕೊಂಡಿದ್ದ ವಿಶ್ವವಿದ್ಯಾಲಯದ ಕೇಂದ್ರಗಳನ್ನು ಹೊನಲುಲುವಿನ ಮುಖ್ಯ ಗಣಕಯಂತ್ರದೊಡನೆ ರೇಡಿಯೋ ಮೂಲಕ ಜೋಡಿಸಲು ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು ಹೊರಟರು. 1971ರಲ್ಲಿ ಆರಂಭವಾದ ಆ ಜಾಲಕ್ಕೆ 'ಅಲೋಹಾನೆಟ್' ಎಂದು ಹೆಸರು. (ಸಮುದ್ರದ ಅಲೆಗಳ ಮೇಲೆ ಹಲಗೆ ಹಿಡಿದು ಜಾರುವ ಆಟದ ಹುಚ್ಚು ಅವರನ್ನು ಹವಾಯಿಗೆ ಎಳೆದು ತಂದಿತ್ತಂತೆ, ಅಲೆಗಳ ನಂಟು ಹೀಗೂ ಇರುತ್ತದೆ.) ಅವರು ಮಾಡಿದ ನಿಯಮ ಅತ್ಯಂತ ಸರಳ. ಕಳುಹಿಸಬೇಕಾದುದು ಇದ್ದರೆ ಕೂಡಲೇ ಕಳುಹಿಸು. ತಲುಪಿತೆಂಬ ಉತ್ತರ ಬಾರದಿದ್ದರೆ ಇನ್ನೊಬ್ಬರ ಮಾತಿಗೆ ಡಿಕ್ಕಿಯಾಗಿದೆಯೆಂದು ತಿಳಿ. ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಕಳುಹಿಸು. ಎಲ್ಲರೂ ಒಂದೇ ಅವಧಿ ಕಾದರೆ ಮತ್ತೆ ಡಿಕ್ಕಿಯಾಗುವುದರಿಂದ, ಕಾಯುವ ಅವಧಿಯನ್ನು ಪ್ರತಿಯೊಬ್ಬರೂ ಚೀಟಿ ಎತ್ತಿದಂತೆ ಆರಿಸಿಕೊಳ್ಳುವುದೇ ಈ ನಿಯಮದ ಜೀವಾಳ.

ಈ ಸರಳತೆಗೆ ಬೆಲೆ ತೆರಬೇಕಾಯಿತು. ಹೀಗೆ ನಡೆಯುವ ಜಾಲದಲ್ಲಿ ದಾರಿಯ ಸಾಮರ್ಥ್ಯದ ಹೆಚ್ಚೆಂದರೆ ಶೇಕಡ 18.4ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆಂದು ಲೆಕ್ಕ ತೋರಿಸಿತು. 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಅವರು ಕಾಲವನ್ನು ಸಮಾನ ಕಂಡಿಕೆಗಳಾಗಿ ಕತ್ತರಿಸಿ, ಕಂಡಿಕೆಯ ಆರಂಭದಲ್ಲಷ್ಟೇ ಮಾತನಾಡಬೇಕೆಂಬ ಕಟ್ಟುಪಾಡು ತಂದಾಗ ಆ ಮಿತಿ ದುಪ್ಪಟ್ಟಾಗಿ ಶೇಕಡ 36.8 ಆಯಿತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಮಿತಿಯನ್ನು ದಾಟಿ ಜನ ಮಾತನಾಡಲು ಹೊರಟರೆ ಜಾಲ ಅಷ್ಟಕ್ಕೇ ನಿಲ್ಲುವುದಿಲ್ಲ, ಕುಸಿಯುತ್ತದೆ. ಡಿಕ್ಕಿ ಹೆಚ್ಚಿದಂತೆ ಮರುಪ್ರಯತ್ನ ಹೆಚ್ಚುತ್ತದೆ, ಮರುಪ್ರಯತ್ನ ಹೆಚ್ಚಿದಂತೆ ಡಿಕ್ಕಿ ಹೆಚ್ಚುತ್ತದೆ, ಕೊನೆಗೆ ಎಲ್ಲರೂ ಕೂಗುತ್ತಿದ್ದರೂ ಯಾರ ಮಾತೂ ತಲುಪುವುದಿಲ್ಲ. ಪುಟ ತೆರೆಯಲಿಲ್ಲವೆಂದು ನಾವು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತೇವಲ್ಲ, ಆ ಚಟವೂ ಹೊರೆಯನ್ನು ಇದೇ ರೀತಿ ಏರಿಸುತ್ತದೆ.

ಮುಂದಿನ ಹೆಜ್ಜೆ, ಮಾತನಾಡುವ ಮುನ್ನ ಕಿವಿಗೊಡುವುದು. ಬೇರೆ ಯಾರಾದರೂ ಮಾತನಾಡುತ್ತಿದ್ದರೆ ಸುಮ್ಮನಿರು, ನಿಶ್ಶಬ್ದವಾದ ಮೇಲೆ ಸ್ವಲ್ಪ ಕಾದು ಆರಂಭಿಸು. 1997ರಲ್ಲಿ ರೂಪುಗೊಂಡ ವೈಫೈ ಮಾನಕ ಈ ತತ್ತ್ವದ ಮೇಲೆಯೇ ನಿಂತಿದೆ. ಆರಂಭದ ದಿನಗಳ ವೈಫೈಯಲ್ಲಿ ಪ್ರತಿ ಸಾಧನವೂ 0ಯಿಂದ 31ರ ನಡುವಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿಕೊಂಡು, ಒಂದೊಂದು ಎಣಿಕೆಗೆ ಸೆಕೆಂಡಿನ 10 ಲಕ್ಷದಲ್ಲಿ 20 ಭಾಗದಂತೆ ಇಳಿಯೆಣಿಕೆ ಮಾಡುತ್ತಿತ್ತು. ನಡುವೆ ಬೇರೆಯವರು ಮಾತನಾಡಿದರೆ ಎಣಿಕೆ ನಿಲ್ಲುತ್ತದೆ, ಅವರು ಮುಗಿಸಿದ ಮೇಲೆ ಮುಂದುವರಿಯುತ್ತದೆ. ಡಿಕ್ಕಿಯಾದರೆ ಚೀಟಿಯ ಮೇಲ್ಮಿತಿ 63ಕ್ಕೆ, ಆಮೇಲೆ 127ಕ್ಕೆ, ಹೀಗೆ ದುಪ್ಪಟ್ಟಾಗುತ್ತ 1023ರವರೆಗೆ ಏರುತ್ತದೆ. ಜನ ಕಡಿಮೆ ಇದ್ದಾಗ ಕಾಯುವಿಕೆ ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಕಡಿಮೆ. ಜನ ಹೆಚ್ಚಿದಂತೆ ಪ್ರತಿಯೊಬ್ಬರೂ ತಾವಾಗಿಯೇ ಹಿಂದೆ ಸರಿಯುತ್ತಾರೆ. ಯಾವ ಅಧಿಕಾರಿಯೂ ಇಲ್ಲದೆ ನಡೆಯುವ ಈ ಶಿಸ್ತು ನನಗಂತೂ ಬಹಳ ಸುಂದರವಾಗಿ ಕಾಣುತ್ತದೆ.

ಆದರೆ ಗುಡ್ಡದಲ್ಲಿ ಈ ಶಿಸ್ತು ಮುರಿಯುತ್ತದೆ. ಒಂದು ಗುಡ್ಡದ ಎರಡು ಮಗ್ಗುಲಲ್ಲಿ ಎರಡು ಹಟ್ಟಿಗಳಿವೆ, ನೆತ್ತಿಯ ಮೇಲೆ ವೈಫೈ ಗೋಪುರವಿದೆ ಎಂದುಕೊಳ್ಳಿ. ಇಬ್ಬರಿಗೂ ಗೋಪುರ ಕೇಳಿಸುತ್ತದೆ. ಇಬ್ಬರಿಗೂ ಪರಸ್ಪರರ ಧ್ವನಿ ಕೇಳಿಸುವುದಿಲ್ಲ, ನಡುವೆ ಮಣ್ಣು, ಬಂಡೆ. ಈಚೆಯವರು ಕಿವಿಗೊಟ್ಟು ನಿಶ್ಶಬ್ದವೆಂದು ಮಾತು ಆರಂಭಿಸುತ್ತಾರೆ, ಆಚೆಯವರೂ ಹಾಗೆಯೇ ಆರಂಭಿಸುತ್ತಾರೆ, ಗೋಪುರದಲ್ಲಿ ಎರಡೂ ಕಲಸಿಹೋಗುತ್ತವೆ. ನಿಯಮ ಪಾಲಿಸಿಯೂ ಇಬ್ಬರೂ ಸೋಲುತ್ತಾರೆ. ಫೌದ್ ತೊಬಾಗಿ ಮತ್ತು ಲಿಯೊನಾರ್ಡ್ ಕ್ಲೈನ್‌ರಾಕ್ ಅವರು 1975ರಲ್ಲೇ ಈ ಸಮಸ್ಯೆಯನ್ನು ವಿವರಿಸಿ, ಅಡಗಿದ ಟರ್ಮಿನಲ್ ಎಂಬರ್ಥದ ಹೆಸರಿಟ್ಟರು. ಪರಿಹಾರವಾಗಿ 1990ರಲ್ಲಿ ಫಿಲ್ ಕಾರ್ನ್ ಸೂಚಿಸಿದ ಕ್ರಮವೊಂದು ವೈಫೈಯಲ್ಲೂ ಇದೆ. ಕಳುಹಿಸುವವರು ಮೊದಲು 'ಕಳುಹಿಸಲೇ?' ಎಂದು ಗೋಪುರವನ್ನು ಚುಟುಕಾಗಿ ಕೇಳುತ್ತಾರೆ. ಗೋಪುರ 'ಕಳುಹಿಸು' ಎನ್ನುತ್ತದೆ. ಗೋಪುರದ ಉತ್ತರ ಗುಡ್ಡದಾಚೆಗೂ ಕೇಳಿಸುವುದರಿಂದ ಅಲ್ಲಿನವರು ಸುಮ್ಮನಾಗುತ್ತಾರೆ. ಈ ಪ್ರಶ್ನೋತ್ತರಕ್ಕೂ ಕಾಲ ಬೇಕಾದ್ದರಿಂದ ಸಾಮಾನ್ಯವಾಗಿ ಪೆಟ್ಟಿಗೆಗಳಲ್ಲಿ ಇದನ್ನು ನಿಲ್ಲಿಸಿಟ್ಟಿರುತ್ತಾರೆ. ಬಯಲಿನ ಊರಿಗೆ ಅದು ಸರಿ, ಗುಡ್ಡದ ಊರಿನವರು ಅದನ್ನು ಚಾಲೂ ಮಾಡಿ ನೋಡಬೇಕು.

ಈಗ ಇಂದಿನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಬೇಕಾದರೆ ಕಾಗದ ಪೆನ್ನು ತೆಗೆದುಕೊಳ್ಳಿ. ಸಾಧನವು ಪೆಟ್ಟಿಗೆಯಿಂದ ದೂರ ಹೋದಂತೆ, ನಡುವೆ ಗೋಡೆ, ಮರ, ಅದರಲ್ಲೂ ಮಳೆಯಲ್ಲಿ ತೊಯ್ದ ಎಲೆಗಳು ಬಂದಂತೆ ಸಿಗ್ನಲ್ ಕ್ಷೀಣಿಸುತ್ತದೆ. ಆಗ ಸಾಧನ ತಪ್ಪಿಲ್ಲದೆ ಕೇಳಿಸಲೆಂದು ನಿಧಾನವಾಗಿ ಮಾತನಾಡುತ್ತದೆ. ಹಳೆಯ ಮಾದರಿಯ ವೈಫೈಯಲ್ಲಿ ಹತ್ತಿರದವರು ಸೆಕೆಂಡಿಗೆ 11 ಮೆಗಾಬಿಟ್ ವೇಗದಲ್ಲಿ ಮಾತನಾಡಿದರೆ, ಅಂಚಿನಲ್ಲಿರುವವರು 1 ಮೆಗಾಬಿಟ್ ವೇಗಕ್ಕೆ ಇಳಿಯುತ್ತಾರೆ. ಮಾಹಿತಿಯ ಒಂದು ಪೊಟ್ಟಣ ಸಾಮಾನ್ಯವಾಗಿ 1500 ಬೈಟ್, ಅಂದರೆ 12,000 ಬಿಟ್. ಹತ್ತಿರದವರಿಗೆ ಅದನ್ನು ಸಾಗಿಸಲು ಸುಮಾರು 1.1 ಮಿಲಿಸೆಕೆಂಡ್ ಸಾಕು. ಅಂಚಿನವರಿಗೆ 12 ಮಿಲಿಸೆಕೆಂಡ್ ಬೇಕು. ಇತರ ಖರ್ಚುಗಳನ್ನು ಸದ್ಯ ಬದಿಗಿಡೋಣ.

ವೈಫೈಯ ಮೂಲ ನಿಯಮ ಇಬ್ಬರಿಗೂ ಸಮಾನ ಸಂಖ್ಯೆಯ ಸರದಿಗಳನ್ನು ಕೊಡುತ್ತದೆ. ಒಮ್ಮೆ ಇವರದು, ಒಮ್ಮೆ ಅವರದು. ಒಂದು ಸುತ್ತಿಗೆ 13.1 ಮಿಲಿಸೆಕೆಂಡ್ ಹಿಡಿಯುತ್ತದೆ, ಅದರಲ್ಲಿ ತಲಾ ಒಂದು ಪೊಟ್ಟಣ ಸಾಗುತ್ತದೆ. ಲೆಕ್ಕ ಹಾಕಿದರೆ ಇಬ್ಬರಿಗೂ ಸಿಗುವುದು ಸೆಕೆಂಡಿಗೆ ಸುಮಾರು 0.92 ಮೆಗಾಬಿಟ್. ಪೆಟ್ಟಿಗೆಯ ಪಕ್ಕದಲ್ಲೇ ಕುಳಿತ, 11 ಮೆಗಾಬಿಟ್ ಯೋಗ್ಯತೆಯುಳ್ಳವನೂ 1 ಮೆಗಾಬಿಟ್ಟಿಗಿಂತ ಕೆಳಗಿಳಿದ! ಫ್ರಾನ್ಸಿನ ಸಂಶೋಧಕರು 2003ರಲ್ಲಿ ಇದನ್ನು ಪ್ರಕಟಿಸಿ ವೈಫೈಯ ವೈಪರೀತ್ಯವೆಂದು ಕರೆದರು. 2020 ಮತ್ತು 2021ರ ಕೊರೋನಾ ಕಾಲವನ್ನು ನೆನೆಯಿರಿ. ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡದ ತುದಿ, ಮರದ ಕೊಂಬೆ, ರಸ್ತೆಯ ಬದಿಗಳನ್ನು ಹುಡುಕಿಕೊಂಡು ಹೋದರು. ಸುಳ್ಯ ತಾಲೂಕಿನಲ್ಲಿ ಮಳೆಯ ನಡುವೆ ರಸ್ತೆಬದಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ 2021ರ ಜೂನ್ ತಿಂಗಳಲ್ಲಿ ದೇಶವೆಲ್ಲ ಸುತ್ತಿತು. ಸಿಗ್ನಲ್ ಸಿಗುವ ಅಂತಹ ಒಂದೇ ತಾಣದಲ್ಲಿ ಹಲವು ಮಕ್ಕಳು ಸೇರಿದಾಗ ಏನಾಗುತ್ತದೆ? ಅವರೆಲ್ಲರೂ ಜಾಲದ ಅಂಚಿನವರು, ಎಲ್ಲರದೂ ನಿಧಾನದ ಮಾತು, ಒಬ್ಬೊಬ್ಬರಿಗೂ ಹೆಚ್ಚು ಕಾಲ ಬೇಕು. ವೈಫೈಯಿರಲಿ, ಮೊಬೈಲ್ ಟವರಿರಲಿ, ಜನರ ಸಂಖ್ಯೆ ಕಡಿಮೆಯಿದ್ದರೂ ಅಲ್ಲಿ ದಟ್ಟಣೆಯಾಗುವುದು ಹೀಗೆ.

ಹಾಗಾದರೆ ಸರದಿಯ ಬದಲು ಕಾಲವನ್ನೇ ಸಮನಾಗಿ ಹಂಚಿದರೆ? ಅರ್ಧ ಕಾಲ ಇವರಿಗೆ, ಅರ್ಧ ಕಾಲ ಅವರಿಗೆ. ಆಗ ಹತ್ತಿರದವರಿಗೆ 5.5 ಮೆಗಾಬಿಟ್ ಸಿಗುತ್ತದೆ, ಅಂಚಿನವರಿಗೆ 0.5. ಜಾಲದ ಒಟ್ಟು ಸಾಗಣೆ 1.84ರಿಂದ 6ಕ್ಕೆ ಏರಿತು. ತಂತ್ರಜ್ಞರಿಗೆ ಈ ಪರಿಹಾರ ಪ್ರಿಯವಾದುದು. ಇದನ್ನು ಸಮರ್ಥವಾಗಿ ಜಾರಿಗೊಳಿಸುವ ವಿಧಾನ 2017ರ ಹೊತ್ತಿಗೆ ಲಿನಕ್ಸ್ ತಂತ್ರಾಂಶದಲ್ಲಿ ಸೇರಿತು, ಇಂದು ಹಲವು ಪೆಟ್ಟಿಗೆಗಳಲ್ಲಿ ಇದು ದೊರೆಯುತ್ತದೆ. ನ್ಯಾಯದ ದೃಷ್ಟಿಯಿಂದಲೂ ಇದನ್ನು ಸಮರ್ಥಿಸಬಹುದು. ನೀರುಗಂಟಿ ಗಂಟೆಯ ಲೆಕ್ಕದಲ್ಲಿ ನೀರು ಬಿಡುವಾಗ ಮಾಡುವುದೂ ಇದನ್ನೇ. ಆದರೆ ಅಂಚಿನ ಮನೆಯವರ ಪಾಲು 0.92ರಿಂದ 0.5ಕ್ಕೆ ಇಳಿದದ್ದನ್ನು ಮರೆಯುವಂತಿಲ್ಲ. ಒಟ್ಟು ಮೊತ್ತ ಏರಿತೆಂಬ ವರದಿಯಲ್ಲಿ ಆ ಮನೆ ಕಾಣುವುದೇ ಇಲ್ಲ.

ಮೂರನೆಯ ದಾರಿಯೊಂದಿದೆ. ಅಂಚಿನ ಮನೆಗೆ ಗೋಪುರದತ್ತ ಮುಖ ಮಾಡಿದ ಒಂದು ಸಣ್ಣ ಆಂಟೆನಾ ಹಾಕಿಕೊಟ್ಟು ಅವರ ವೇಗವನ್ನು 1ರಿಂದ 5.5 ಮೆಗಾಬಿಟ್ಟಿಗೆ ಏರಿಸಿದೆವೆನ್ನಿ. ಆಗ ಅವರ ಪೊಟ್ಟಣಕ್ಕೆ 2.2 ಮಿಲಿಸೆಕೆಂಡ್ ಸಾಕು. ಸುತ್ತು 3.3 ಮಿಲಿಸೆಕೆಂಡಿಗೆ ಇಳಿಯುತ್ತದೆ. ಹಳೆಯ ಸಮಾನ ಸರದಿಯ ನಿಯಮವನ್ನೇ ಇಟ್ಟುಕೊಂಡರೂ ಇಬ್ಬರಿಗೂ ಸುಮಾರು 3.6 ಮೆಗಾಬಿಟ್ ಸಿಗುತ್ತದೆ. ಅಂದರೆ ಇಬ್ಬರದೂ ಸುಮಾರು ನಾಲ್ಕು ಪಟ್ಟಾಯಿತು. ಅತಿ ದೂರದವನಿಗೆ ಮಾಡಿದ ವೆಚ್ಚದ ಫಲ ಹತ್ತಿರದವನಿಗೂ ದಕ್ಕಿತು. ಹೊಸ ವೈಫೈಗಳಲ್ಲಿ ಅಂಕಿಗಳು ಇದಕ್ಕಿಂತ ದೊಡ್ಡವು, ಲೆಕ್ಕದ ಸ್ವರೂಪ ಮಾತ್ರ ಇದೇ. ಗ್ರಾಮ ಪಂಚಾಯಿತಿಯಲ್ಲಿ ಹಣ ಅಲ್ಪವಿದ್ದು, ಹೆಚ್ಚಿನ ವೇಗದ ಸಂಪರ್ಕ ಕೊಳ್ಳಬೇಕೋ ಕೊನೆಯ ಮನೆಗೆ ಆಂಟೆನಾ ಹಾಕಿಸಬೇಕೋ ಎಂಬ ಪ್ರಶ್ನೆ ಬಂದರೆ ನಾನು ಎರಡನೆಯದಕ್ಕೇ ಕೈಯೆತ್ತುತ್ತೇನೆ.

ಇನ್ನು ಸರದಿಯ ಸಾಲಿನ ಮಾತು. ಮಾಹಿತಿಯ ಪೊಟ್ಟಣಗಳು ಸರದಿ ಬರುವವರೆಗೆ ಪೆಟ್ಟಿಗೆಯೊಳಗಿನ ಸ್ಮೃತಿಕೋಶದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಯಾವ ಪೊಟ್ಟಣವೂ ಕಳೆದುಹೋಗದಿರಲೆಂದು ತಯಾರಕರು ಈ ಕೋಶವನ್ನು ದೊಡ್ಡದು ಮಾಡುತ್ತ ಹೋದರು. ಇದು ಒಳ್ಳೆಯದೆಂದೇ ತೋರುತ್ತದೆ. ಲೆಕ್ಕ ನೋಡಿ. ಸೆಕೆಂಡಿಗೆ 1 ಮೆಗಾಬಿಟ್ ಸಾಗಿಸುವ ದಾರಿಯ ಮುಂದೆ 256 ಕಿಲೋಬೈಟಿನ ಕೋಶವಿದ್ದು, ಯಾರೋ ಒಬ್ಬರು ಚಲನಚಿತ್ರವನ್ನು ಕಳುಹಿಸಲು ಹೊರಟು ಅದು ತುಂಬಿದೆಯೆಂದರೆ, ಆಮೇಲೆ ಬಂದ ಪ್ರತಿ ಪೊಟ್ಟಣವೂ ಸುಮಾರು 2 ಸೆಕೆಂಡ್ ಕಾಯಬೇಕು. ಶಿಕ್ಷಕರು ಕೇಳಿದ ಪ್ರಶ್ನೆಗೆ ಮಗು ಕೂಡಲೇ ಉತ್ತರಿಸಿದರೂ ಅದು 2 ಸೆಕೆಂಡ್ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ಶಿಕ್ಷಕರು ಮುಂದಿನ ಮಗುವಿನತ್ತ ಹೋಗಿರುತ್ತಾರೆ. ವೇಗವನ್ನು ಅಳೆಯುವ ಯಂತ್ರಕ್ಕೆ ಇಲ್ಲಿ ಯಾವ ದೋಷವೂ ಕಾಣದು, 1 ಮೆಗಾಬಿಟ್ ಪೂರ್ತಿ ಹರಿಯುತ್ತಿದೆ.

ದಟ್ಟಣೆಗೆ ಪೊಟ್ಟಣವೊಂದು ಬಿದ್ದುಹೋಗುವುದೇ ಎಚ್ಚರಿಕೆಯ ಗಂಟೆ. ಈ ಮಾತಿನ ಹಿಂದೆ ಒಂದು ಕಥೆಯಿದೆ. 1986ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಸುಮಾರು 400 ಗಜ ಅಂತರದ ಎರಡು ಸಂಸ್ಥೆಗಳ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಸಾವಿರದಲ್ಲಿ ಸರಿಸುಮಾರು ಒಂದು ಪಾಲು! ಓಡಿ ಹೋಗಿ ಚೀಟಿ ಕೊಟ್ಟು ಬಂದಿದ್ದರೆ ಬೇಗ ತಲುಪುತ್ತಿತ್ತು. ವ್ಯಾನ್ ಜೇಕಬ್ಸನ್ ಅವರು ಇದನ್ನು ಅಭ್ಯಸಿಸಿ 1988ರಲ್ಲಿ ಪ್ರಕಟಿಸಿದ ನಿಯಮ ಇಂದಿಗೂ ಅಂತರ್ಜಾಲವನ್ನು ಎತ್ತಿ ಹಿಡಿದಿದೆ. ಕಳುಹಿಸುವವನು ನಿಧಾನವಾಗಿ ಆರಂಭಿಸಿ ಹೆಚ್ಚಿಸುತ್ತ ಹೋಗಬೇಕು, ಪೊಟ್ಟಣವೊಂದು ಬಿದ್ದ ಸುದ್ದಿ ಬಂದ ಕೂಡಲೇ ತನ್ನ ವೇಗವನ್ನು ಅರ್ಧದ ಮಟ್ಟಿಗೆ ಇಳಿಸಬೇಕು. ಅತಿದೊಡ್ಡ ಕೋಶ ಈ ಗಂಟೆಯನ್ನೇ ಬಟ್ಟೆ ಸುತ್ತಿ ಇಟ್ಟಂತೆ ಮಾಡಿತು. ಪೊಟ್ಟಣ ಬೀಳುವುದಿಲ್ಲ, ಕಳುಹಿಸುವವನಿಗೆ ಸುಳಿವು ಸಿಗುವುದಿಲ್ಲ, ಸಾಲು ಬೆಳೆಯುತ್ತದೆ. ನಿಸ್ತಂತುವಿನಲ್ಲಿ ಇದರ ವಿರುದ್ಧದ ತೊಂದರೆಯೂ ಉಂಟು. ಮಳೆ, ಮರಗಳಿಂದ ಪೊಟ್ಟಣ ಕೆಟ್ಟರೂ ಕಳುಹಿಸುವವನು ಅದನ್ನು ದಟ್ಟಣೆಯೆಂದೇ ಬಗೆದು ವೃಥಾ ಹಿಂದೆ ಸರಿಯುತ್ತಾನೆ. ಅದನ್ನು ತಪ್ಪಿಸಲು ಪೆಟ್ಟಿಗೆ ತಾನೇ ಮತ್ತೆ ಮತ್ತೆ ಕಳುಹಿಸಿ ನೋಡುತ್ತದೆ, ಅಷ್ಟು ಹೊತ್ತು ಹಿಂದಿನವರೆಲ್ಲ ಕಾಯುತ್ತಾರೆ.

ಉಬ್ಬಿದ ಸಾಲಿನ ಈ ಪಿಡುಗನ್ನು 2010ರ ಸುಮಾರಿಗೆ ಜಿಮ್ ಗೆಟಿಸ್ ಅವರು ಬೆಳಕಿಗೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಸೇರಿ ಪರಿಹಾರವೊಂದನ್ನು ಕೊಟ್ಟರು. ಸಾಲು ಎಷ್ಟು ಉದ್ದವಿದೆಯೆಂದು ನೋಡಬೇಡಿ, ಪೊಟ್ಟಣ ಎಷ್ಟು ಹೊತ್ತು ಸಾಲಿನಲ್ಲಿ ನಿಂತಿದೆಯೆಂದು ನೋಡಿ, ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದೆ 100 ಮಿಲಿಸೆಕೆಂಡ್ ಕಾಲ ಮುಂದುವರಿದರೆ ಒಂದೆರಡನ್ನು ಬೀಳಿಸಿ ಎಚ್ಚರಿಕೆ ಕೊಡಿ ಎಂಬುದೇ ಅದರ ಸಾರ. ಇದಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಲು ಮಾಡುವ ಕ್ರಮವನ್ನು ಸೇರಿಸಿದ 'ಎಫ್‌ಕ್ಯೂ-ಕೋಡೆಲ್' ಎಂಬ ವಿಧಾನ 2018ರಲ್ಲಿ ದಾಖಲೆಯಾಗಿ ಪ್ರಕಟವಾಯಿತು. 'ಓಪನ್‌ಡಬ್ಲ್ಯುಆರ್‌ಟಿ' ಎಂಬ ಉಚಿತ ತಂತ್ರಾಂಶದಲ್ಲಿ ಇದು ಸಿಗುತ್ತದೆ, ಹಲವು ಅಗ್ಗದ ಪೆಟ್ಟಿಗೆಗಳಲ್ಲೂ ಅದನ್ನು ಅಳವಡಿಸಬಹುದು.

ಇದೆಲ್ಲ ಹೊರದೇಶದವರ ಸಾಧನೆಯೆಂದು ಯಾರೂ ಭಾವಿಸಬಾರದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅನುರಾಗ್ ಕುಮಾರ್ ಮತ್ತು ಸಂಗಡಿಗರು ವೈಫೈಯ ಸರದಿಯ ಗಣಿತವನ್ನು ಆಳವಾಗಿ ಅಭ್ಯಸಿಸಿದವರು. ಎಷ್ಟು ಜನ ಸ್ಪರ್ಧಿಸಿದರೆ ಎಷ್ಟು ಡಿಕ್ಕಿ, ಎಷ್ಟು ಸಾಗಣೆ ಎಂಬುದನ್ನು ಸರಳ ಸಮೀಕರಣದಿಂದ ಕಂಡುಕೊಳ್ಳುವ ಅವರ ವಿಶ್ಲೇಷಣೆ 2005ರಲ್ಲಿ ಹೊರಬಂದಿತು. ಅದೇ ಸಂಸ್ಥೆಯ ಮಲತಿ ಹೆಗಡೆ, ಜಾಯ್ ಕುರಿ ಮೊದಲಾದವರೊಡನೆ ಸೇರಿ 2013ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸ ನಮಗೆ ಹೆಚ್ಚು ಹತ್ತಿರದ್ದು. ಅಂಗಡಿಯಲ್ಲಿ ಸಿಗುವ ಸಾಧಾರಣ ವೈಫೈ ಪೆಟ್ಟಿಗೆಗಳನ್ನು ಬದಲಿಸದೆ, ಅವುಗಳ ಹಿಂದೆ ಒಂದು ಗಣಕಯಂತ್ರವನ್ನಿಟ್ಟು, ಪೊಟ್ಟಣಗಳನ್ನು ಅಲ್ಲೇ ತಡೆದು ನಿಲ್ಲಿಸಿ, ಗಾಳಿಯಲ್ಲಿ ಜಾಗವಿರುವಷ್ಟನ್ನೇ ಅಳೆದು ಬಿಡುವ ಏರ್ಪಾಡು ಅದು. ಮುಖ್ಯ ಕಾಲುವೆಯ ತೂಬಿನಲ್ಲಿ ನೀರುಗಂಟಿಯನ್ನು ಕೂರಿಸಿದಂತೆ.

ಮೊಬೈಲ್ ಟವರಿನಲ್ಲಿ ನೀರುಗಂಟಿ ಮೊದಲಿನಿಂದಲೂ ಇದ್ದಾನೆ. ಯಾರು ಯಾವ ಕ್ಷಣ ಮಾತನಾಡಬೇಕೆಂಬುದನ್ನು ಟವರೇ ನಿರ್ಧರಿಸುತ್ತದೆ. ಆದರೆ 'ನನಗೂ ಸರದಿ ಬೇಕು' ಎಂದು ಮೊದಲ ಸಲ ಕೇಳುವಾಗ ಫೋನುಗಳು ಹವಾಯಿಯ ಆ ಹಳೆಯ ನಿಯಮವನ್ನೇ ಬಳಸುತ್ತವೆ. 4ಜಿ ಜಾಲದಲ್ಲಿ ಫೋನು 64 ಸಂಕೇತಗಳ ಗುಂಪಿನಿಂದ ಒಂದನ್ನು ಆರಿಸಿ ಕೂಗುತ್ತದೆ, ಇಬ್ಬರು ಒಂದನ್ನೇ ಆರಿಸಿದರೆ ಡಿಕ್ಕಿ. ಜಾತ್ರೆಯಲ್ಲಿ ಕಡ್ಡಿ ಪೂರ್ತಿ ಇದ್ದರೂ ಬಾಗಿಲಲ್ಲೇ ನಿಲ್ಲುವಂತಾಗುವುದಕ್ಕೆ ಇದೂ ಒಂದು ಕಾರಣ. ಅತಿಯಾದಾಗ ಟವರು ಬಾಗಿಲನ್ನು ಸರದಿಯಂತೆ ಮುಚ್ಚುವ ಉಪಾಯವೂ ಇದೆ. ಪ್ರತಿ ಸಿಮ್ ಕಾರ್ಡಿನಲ್ಲೂ 0ಯಿಂದ 9ರವರೆಗಿನ ಒಂದು ವರ್ಗಸಂಖ್ಯೆ ಇರುತ್ತದೆ. ಇಂತಿಂತಹ ವರ್ಗದವರು ಸದ್ಯ ಕೂಗಬೇಡಿರೆಂದು ಟವರು ಸಾರಬಹುದು. 11ರಿಂದ 15ರವರೆಗಿನ ವಿಶೇಷ ವರ್ಗಗಳು ಭದ್ರತೆ, ತುರ್ತು ಸೇವೆ ಮೊದಲಾದವುಗಳಿಗೆ ಮೀಸಲು.

ಅಂಕಿಗಳಿಂದ ಆಯಾಸವಾಗಿದ್ದರೆ ಗುಡ್ಡಗಳತ್ತ ಹೋಗೋಣ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ವೈಫೈಯನ್ನೇ ದೂರ ಹಾಯಿಸಬಹುದು. ರೇಡಿಯೋ ಅಲೆ ಸೆಕೆಂಡಿನ 10 ಲಕ್ಷದಲ್ಲಿ ಒಂದು ಭಾಗದ ಕಾಲದಲ್ಲಿ 300 ಮೀಟರ್ ಸಾಗುತ್ತದೆ, ವೈಫೈಯ ಹಳೆಯ ಎಣಿಕೆಯ 20 ಭಾಗದಲ್ಲಿ 6 ಕಿಲೋಮೀಟರ್. 30 ಕಿಲೋಮೀಟರ್ ದೂರದವರ ಮಾತು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಐದು ಎಣಿಕೆ ಕಳೆದಿರುತ್ತದೆ. ಹೀಗಾಗಿ ಕಿವಿಗೊಟ್ಟು ಮಾತನಾಡುವ ನಿಯಮವೇ ಅಲ್ಲಿ ನಿರರ್ಥಕ. ಐಐಟಿ ಕಾನ್ಪುರದ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು ಅವರು 2005ರಲ್ಲಿ, ಇಂತಹ ದೂರದ ಸಂಪರ್ಕಗಳಲ್ಲಿ ಗಡಿಯಾರದ ಪ್ರಕಾರ ಮಾತನಾಡುವ ಹೊತ್ತು, ಕೇಳುವ ಹೊತ್ತು ಎಂದು ವಿಂಗಡಿಸುವ ಕ್ರಮವನ್ನು ಮುಂದಿಟ್ಟರು. ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯ ವೈದ್ಯರು ದೂರದ ಹಳ್ಳಿಗಳ ರೋಗಿಗಳನ್ನು ವೀಡಿಯೋ ಮೂಲಕ ಪರೀಕ್ಷಿಸಲು ಬಳಸಿದ ದೂರದ ವೈಫೈಯಲ್ಲೂ ಬರ್ಕ್‌ಲಿಯ ಸಂಶೋಧಕರು ಇಂತಹದೇ ಸರದಿಯನ್ನು ಅಳವಡಿಸಿದರು. ನಮ್ಮದೇ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟದ ಸುತ್ತ 'ಜನಸ್ತು' ಎಂಬ ಸಂಸ್ಥೆ ಸಮುದಾಯದ ಒಡೆತನದ ವೈಫೈ ಜಾಲವನ್ನು ಹೆಣೆದಿದೆ. ಅಲ್ಲಿ ಪೆಟ್ಟಿಗೆಗಳು ಒಂದರಿಂದ ಇನ್ನೊಂದಕ್ಕೆ ಮಾಹಿತಿಯನ್ನು ದಾಟಿಸುತ್ತವೆ. ಆಸಕ್ತ ವಿದ್ಯಾರ್ಥಿಗಳು ಹೋಗಿ ನೋಡಬೇಕಾದ ಸ್ಥಳ. ಇಂತಹ ಜಾಲದಲ್ಲಿ ಒಂದೇ ರೇಡಿಯೋ ಕೇಳಿಸಿಕೊಂಡು ಮತ್ತೆ ದಾಟಿಸುವುದಾದರೆ ಪ್ರತಿ ಹೆಜ್ಜೆಗೂ ಕಾಲ ಎರಡು ಪಾಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಹೆಜ್ಜೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

ಗಾಂಧಿನಗರದವರು ತಮಗೆ ಇದು ಸಂಬಂಧಿಸಿದ್ದಲ್ಲವೆಂದುಕೊಂಡಿದ್ದರೆ ಈಗಲೇ ಫೋನಿನಲ್ಲಿ ವೈಫೈಗಳ ಪಟ್ಟಿಯನ್ನು ತೆರೆದು ನೋಡಿ. ಮನೆ, ಅಂಗಡಿ, ದವಾಖಾನೆಗಳು ಒತ್ತಾಗಿರುವ ಬಡಾವಣೆಯಲ್ಲಿ ಪಟ್ಟಿ ಉದ್ದವಿರುತ್ತದೆ. ಪ್ರತಿ ಪೆಟ್ಟಿಗೆಯೂ ಯಾರೂ ಬಳಸದಿದ್ದಾಗಲೂ ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರನ್ನು ಸಾರುತ್ತಿರುತ್ತದೆ. ಹಳೆಯ 1 ಮೆಗಾಬಿಟ್ ವೇಗದಲ್ಲೇ 250 ಬೈಟಿನ ಸಾರಿಕೆ ಮಾಡಿದರೆ ಒಂದು ಪೆಟ್ಟಿಗೆಗೆ ಕಾಲದ ಶೇಕಡ 2ರಷ್ಟು ಖರ್ಚು. ಒಂದೇ ಚಾನೆಲ್ಲಿನಲ್ಲಿ ಅಂತಹ 20 ಪೆಟ್ಟಿಗೆಗಳಿದ್ದರೆ ಶೇಕಡ 40 ಕಾಲ ಹೆಸರು ಹೇಳಿಕೊಳ್ಳುವುದರಲ್ಲೇ ಹೋಯಿತು! ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು 1, 6 ಮತ್ತು 11 ಎಂಬ ಮೂರೇ. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಇನ್ನೂ ವಿಶಾಲವಾದ ಜಾಗ ತೆರೆದಿದೆ. ಅದು ಗೋಡೆಗಳನ್ನು ಅಷ್ಟಾಗಿ ದಾಟುವುದಿಲ್ಲ, ಊರಿನೊಳಗೆ ಅದೇ ಅದರ ಗುಣ.

ಸಂಡೂರಿನ ಗುಡ್ಡಸಾಲಿನಿಂದ ಬಂದವರು ತಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವೈಫೈ ಇದ್ದರೆ, ಊರಿಗೆ ಮರಳಿದ ಮೇಲೆ ಒಂದು ಕೆಲಸ ಮಾಡಬಹುದು. ವೇಗ ತೋರಿಸುವ ಮುಳ್ಳನ್ನು ನಂಬಿ ಕೂರಬೇಡಿ, ಕಾಯುವಿಕೆಯನ್ನು ಅಳೆಯಿರಿ. 'ಪಿಂಗ್' ಎಂಬ ಸರಳ ತಂತ್ರಾಂಶ ಒಂದು ಪೊಟ್ಟಣ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಹೇಳುತ್ತದೆ. ಪೆಟ್ಟಿಗೆಯ ಪಕ್ಕದಿಂದ, ಜಗುಲಿಯಿಂದ, ಸಿಗ್ನಲ್ ಸಿಗುವ ಕಟ್ಟಕಡೆಯ ಜಾಗದಿಂದ, ಬೆಳಗ್ಗೆ, ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಒಂದು ವಾರ ಅಳೆದು ನೋಟುಪುಸ್ತಕದಲ್ಲಿ ಬರೆದಿಡಿ. ಯಾರೂ ಬಳಸದಿರುವಾಗ 40 ಇದ್ದದ್ದು ಸಂಜೆ 2000 ಆಗಿದ್ದರೆ ಉಬ್ಬಿದ ಸಾಲಿನ ಕಡೆ ಗುಮಾನಿ ಇಡಿ. ದೂರದ ಒಬ್ಬರು ಬಳಸತೊಡಗಿದ ಕೂಡಲೇ ಎಲ್ಲರದೂ ಏರಿದರೆ ಆಂಟೆನಾದ ಮಾತೆತ್ತಿ. ಗುಡ್ಡದ ಎರಡು ಮಗ್ಗುಲಿನವರು ಒಟ್ಟಿಗೆ ಬಳಸಿದಾಗ ಮಾತ್ರ ಕೆಡುತ್ತಿದ್ದರೆ 'ಕಳುಹಿಸಲೇ' ಎಂಬ ಪ್ರಶ್ನೆಯನ್ನು ಚಾಲೂ ಮಾಡಿಸಿ. ಆ ನೋಟುಪುಸ್ತಕವನ್ನು ಗ್ರಾಮಸಭೆಯ ಮುಂದಿಡುವಾಗ ಕಟ್ಟಕಡೆಯ ಜಾಗದ ಅಂಕಿಯನ್ನೇ ಮೊದಲು ಓದಿ, ಪೆಟ್ಟಿಗೆಯ ಪಕ್ಕದ್ದನ್ನು ಆಮೇಲೆ.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.